ಮನೆತನದ ಬೆಳ್ಳಿ: ರಸಿಕರಿಗೊಂದು ಕೈಪಿಡಿ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯ ಹಳೆಯ ಮನೆಗಳಲ್ಲಿ ತಲೆಮಾರುಗಳಿಂದ ಇಳಿದುಬಂದ ಬೆಳ್ಳಿಯೊಳಗೆ ಗಂಗಾಳ, ತಂಬಿಗೆ, ಪನ್ನೀರುದಾನಿಗಳಿರುವುವಾದರೂ, ಲಿಂಗವಂತರ ಮನೆಗಳಲ್ಲಿ ಅವೆಲ್ಲಕ್ಕೂ ಮುಕುಟಪ್ರಾಯವಾದುದು, ಕೊರಳಲ್ಲಿ ಧರಿಸುವ ಇಷ್ಟಲಿಂಗವನ್ನಿಡುವ ಕರಡಿಗೆಯೇ. ಲಿಂಗೈಕ್ಯರಾದವರ ಇಷ್ಟಲಿಂಗವು ಸಮಾಧಿಯಲ್ಲಿ ಅವರೊಡನೆ ಹೋಗುವುದು. ಅದನ್ನು ಬಾಳೆಲ್ಲ ಕಾಪಾಡಿದ ಕರಡಿಗೆಯು ಬಹುಮಟ್ಟಿಗೆ ಮನೆಯಲ್ಲುಳಿದು ಮಕ್ಕಳ ಪಾಲಿಗೆ ಬರುವುದು. ಕೂಡಿದ ಮನೆಗಳು ಪಾಲಾದಾಗ, ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯನ್ನು ತೊರೆದು ನವನಗರ ಸೇರಿದವರು ಪೆಟ್ಟಿಗೆಗಳನ್ನು ಬಿಚ್ಚಿದಾಗ, ಇದನ್ನು ಇಟ್ಟುಕೊಳ್ಳುವುದೋ ಮಾರುವುದೋ ಎಂಬ ಪ್ರಶ್ನೆ ಏಳುವುದು ಸಹಜ. ಮಾರುವುದು ದೋಷವಲ್ಲ, ಆದರೆ ಬೆಳ್ಳಿಗೆ ಲೋಹದ ಬೆಲೆಯೊಂದು, ಕೆಲಸದ ಬೆಲೆಯೊಂದು ಎಂದು ಎರಡು ಬೆಲೆಗಳಿರುವುವೆಂಬುದನ್ನೂ, ತಕ್ಕಡಿಯು ಮೊದಲನೆಯದನ್ನು ಮಾತ್ರ ಬಲ್ಲುದೆಂಬುದನ್ನೂ ಅರಿತು ಮಾರಬೇಕು.

ಮೊದಲು ಕೆಲಸವನ್ನು ನೋಡುವ ಕಣ್ಣನ್ನು ಪಡೆಯಬೇಕು. ಅದಕ್ಕೆ ಬಾದಾಮಿಯೇ ಪಾಠಶಾಲೆ. ಎರಡನೆಯ ಗುಹಾಲಯದ ಛಾವಣಿಯಲ್ಲಿ ಹದಿನಾರು ಮೀನುಗಳನ್ನೇ ಅರೆಗಳನ್ನಾಗಿಸಿದ ಚಕ್ರವನ್ನು ತಲೆಯೆತ್ತಿ ಸಾವಧಾನವಾಗಿ ನೋಡಿದವರಿಗೆ, ವರ್ತುಲವೊಂದನ್ನು ತುಂಬುವಲ್ಲಿ ಶಿಲ್ಪಿಗೆ ಬೇಕಾದ ಲಯಜ್ಞಾನವೆಂಥದೆಂಬುದು ಮನದಟ್ಟಾಗುವುದು. ಆ ಬಳಿಕ ಕರಡಿಗೆಯ ಮುಚ್ಚಳದ ಹೂವನ್ನು ನೋಡಿರಿ. ಪತ್ತಾರನು ಉಳಿಯಿಂದ ಬಿಡಿಸಿದ ಎಸಳುಗಳು ಒಂದಕ್ಕೊಂದು ಹೋಲುವುವಾದರೂ ಒಂದೇ ಆಗಿರವು. ಅಚ್ಚಿನಲ್ಲೊತ್ತಿದ ಎಸಳುಗಳು ಕೂದಲೆಳೆಯಷ್ಟೂ ಭೇದವಿಲ್ಲದೆ ಇರುವುವು. ಮುಚ್ಚಳವು ಸಲೀಸಾಗಿ ಕೂಡುವುದೇ, ಬೆಸುಗೆಯ ಗೆರೆ ಅಡಗಿರುವುದೇ, ಶಿವದಾರವು ಹಾಯುವ ರಂಧ್ರದ ಅಂಚು ವರ್ಷಾನುಗಟ್ಟಲೆಯ ಧಾರಣೆಯಿಂದ ನಯವಾಗಿ ಸವೆದಿರುವುದೇ ಎಂಬುದನ್ನೂ ಪರೀಕ್ಷಿಸಬೇಕು. ಹಿರಿಯರು ಕೊರೆಸಿದ ಹೆಸರಿದ್ದರೆ ಅಳಿಸಬಾರದು. ಕಪ್ಪಾದುದನ್ನು ಒಣ ವಿಭೂತಿಯಿಂದ ಮೆಲ್ಲನೆ ಒರೆಸಿದರೆ ಸಾಕು. ಮಿರುಗಬೇಕೆಂದು ಉಜ್ಜಿದರೆ ಚಿತ್ತಾರದ ಮೊನೆಯೇ ನಶಿಸುವುದು.

ಅನಂತರ ಶುದ್ಧಿ. ಆಂಗ್ಲರ ಸ್ಟರ್ಲಿಂಗ್ ಬೆಳ್ಳಿಯಲ್ಲಿ ಸಾವಿರಕ್ಕೆ 925 ಪಾಲು ಬೆಳ್ಳಿ. ನಮ್ಮಲ್ಲಿ ಹಿಂದೆ ರೂಪಾಯಿಗಳನ್ನು ಕರಗಿಸಿ ಪಾತ್ರೆ ಮಾಡಿಸುವ ವಾಡಿಕೆಯಿತ್ತು. 1940ಕ್ಕೆ ಮೊದಲಿನ ರೂಪಾಯಿಯು ಒಂದು ತೊಲ, ಎಂದರೆ 11.66 ಗ್ರಾಂ ತೂಗುತ್ತಿದ್ದು, ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿಯಿರುತ್ತಿತ್ತು. ಆ ವರ್ಷದಿಂದ ಬೆಳ್ಳಿಯ ಪಾಲು ಅರ್ಧಕ್ಕಿಳಿಯಿತು. ಆದುದರಿಂದ ಹಳೆಯದೆಲ್ಲವೂ ಚೊಕ್ಕವೆಂದು ನಂಬಲಾಗದು. ಜರ್ಮನ್ ಸಿಲ್ವರಿನಲ್ಲಂತೂ ಬೆಳ್ಳಿಯ ಲೇಶವೂ ಇಲ್ಲ. ಅದು ತಾಮ್ರ, ಸತು, ನಿಕ್ಕಲ್‌ಗಳ ಮಿಶ್ರಣ. ಒರೆಗಲ್ಲಿನ ಪರೀಕ್ಷೆಯೊಂದರಿಂದಲೇ ತೃಪ್ತರಾಗದೆ, ಹಾಲ್‌ಮಾರ್ಕ್ ಕೇಂದ್ರದ ಯಂತ್ರದಲ್ಲಿ ತೋರಿಸಿ ಬರಹದಲ್ಲಿ ಫಲಿತಾಂಶ ಪಡೆಯುವುದು ಲೇಸು.

ಲೆಕ್ಕವು ಸರಳವಾದುದು. 40 ತೊಲದ ತಂಬಿಗೆಯು ಸುಮಾರು 466 ಗ್ರಾಂ. ಶುದ್ಧಿ ನೂರಕ್ಕೆ 90 ಆದರೆ ಅದರಲ್ಲಿ ಅಪ್ಪಟ ಬೆಳ್ಳಿ ಸುಮಾರು 420 ಗ್ರಾಂ. ಇದನ್ನು ಆ ದಿನದ ಧಾರಣೆಯಿಂದ ಗುಣಿಸಿ ಬಂದ ಮೊತ್ತವನ್ನು ಚೀಟಿಯಲ್ಲಿ ಬರೆದುಕೊಂಡೇ ಸರಾಫರ ಅಂಗಡಿಯ ಮೆಟ್ಟಿಲೇರಬೇಕು. ಕರಗಿಸುವ ಕಸರಿಗೆಂದು ಸರಾಫರು ಎಷ್ಟು ಮುರಿದುಕೊಳ್ಳುವರೆಂಬುದನ್ನು ಮೊದಲೇ ಕೇಳಿ, ಒಂದಕ್ಕಿಂತ ಹೆಚ್ಚು ಅಂಗಡಿಗಳಲ್ಲಿ ವಿಚಾರಿಸಿ, ಕಣ್ಣೆದುರೇ ತೂಗಿಸಿ, ರಸೀತಿ ಪಡೆಯಬೇಕು. ಮಾಡಿಸುವಾಗ ತೆತ್ತ ಮಜೂರಿಯು ಕರಗಿಸುವವನಿಂದ ಮರಳಿ ಬಾರದು; ಅದು ದೊರೆಯುವುದಾದರೆ, ಪದಾರ್ಥವನ್ನು ಪದಾರ್ಥವಾಗಿಯೇ ಇಟ್ಟುಕೊಳ್ಳುವ ಸಂಗ್ರಾಹಕನಿಂದ ಮಾತ್ರ.

ಆದುದರಿಂದ ಮನೆಯ ಬೆಳ್ಳಿಯನ್ನು ಮೊದಲು ಎರಡಾಗಿ ವಿಂಗಡಿಸಿರಿ. ಅಚ್ಚಿನ ಲೋಟ, ಸೀಳಿದ ಗಂಗಾಳ, ಬೆಸುಗೆ ಬಿಟ್ಟ ಬಟ್ಟಲುಗಳನ್ನು ತೂಕಕ್ಕೆ ಕೊಡಲು ಸಂಕೋಚಪಡಬೇಕಾಗಿಲ್ಲ. ಕೈಕೆಲಸದ ಕರಡಿಗೆಯನ್ನಾದರೋ ಮೊದಲು ಅಣ್ಣತಮ್ಮಂದಿರಲ್ಲಿ, ಅಕ್ಕತಂಗಿಯರಲ್ಲಿ ತೋರಿಸಿ, ಬೇಕೆಂದವರಿಗೆ ತೂಕದ ಬೆಲೆಗೇ ಬಿಟ್ಟುಕೊಡಿರಿ. ಅವರೊಲ್ಲದಿದ್ದರೆ ಅದರ ಅಂದವನ್ನು ಬಲ್ಲವರನ್ನು ಹುಡುಕಿರಿ. ಕರಗಿಸಿದ ಬೆಳ್ಳಿಯನ್ನು ಯಾವಾಗಲಾದರೂ ಮರಳಿ ಕೊಳ್ಳಬಹುದು. ಪತ್ತಾರನ ಆ ಕೈಬರಹವನ್ನು ಯಾವ ಪೇಟೆಯಲ್ಲಿಯೂ ಕೊಳ್ಳಲಾಗದು.