ಪಾದದ ರಕ್ಷಣೆ, ನಡುವಿನ ರಕ್ಷಣೆ: ವಿಲ್ಲಿ ಪೆಪ್ ಮತ್ತು ಪರ್ನೆಲ್ ವಿಟೇಕರ್

ಬೇರೆ ಬೇರೆ ಕಾಲದ ಬಾಕ್ಸರ್‌ಗಳನ್ನು ಕಲ್ಪನೆಯ ರಿಂಗ್‌ಗೆ ಇಳಿಸಿ ತೀರ್ಪು ಕೊಡುವ ಪರಿಪಾಠ ಅಮೆರಿಕದ ಬಾಕ್ಸಿಂಗ್ ಬರವಣಿಗೆಯಲ್ಲಿ ಹಳೆಯದು. 1970ರಲ್ಲಿ ಚಿತ್ರಮಂದಿರಗಳಲ್ಲಿ ತೋರಿಸಿದ ರಾಕಿ ಮಾರ್ಸಿಯಾನೊ ಮತ್ತು ಮುಹಮ್ಮದ್ ಅಲಿಯ ಪಂದ್ಯದ ಫಲಿತಾಂಶ ಕಂಪ್ಯೂಟರ್ ಲೆಕ್ಕಾಚಾರದ್ದೆಂದೇ ಪ್ರಚಾರ ಪಡೆದಿತ್ತು. ಗೆದ್ದವರು ಯಾರೆಂಬ ಪ್ರಶ್ನೆಗೇ ಜೋತುಬಿದ್ದು, ಒಬ್ಬನ ಕೌಶಲ ಎಂಥ ಎದುರಾಳಿಯನ್ನು ನೆಚ್ಚಿಕೊಂಡು ಬೆಳೆಯಿತು ಎಂದು ಕೇಳದಿರುವುದು ಈ ಪರಂಪರೆಯ ದೊಡ್ಡ ಕೊರತೆ. ಹೊಡೆಯುವುದಕ್ಕಿಂತ ಹೊಡೆಸಿಕೊಳ್ಳದಿರುವುದನ್ನೇ ಮೊದಲ ಗುಣವೆಂದು ಎಣಿಸುವ ರಕ್ಷಣಾ ಪಂಥದ ವಿಷಯದಲ್ಲಿ ಈ ಕೊರತೆ ಹೆಚ್ಚು ಕಾಡುತ್ತದೆ. ಆ ಪಂಥದ ವಿಲ್ಲಿ ಪೆಪ್ ಮತ್ತು ಪರ್ನೆಲ್ ವಿಟೇಕರ್ ಇಬ್ಬರನ್ನೂ ಆ ಪ್ರಶ್ನೆಯೊಂದಿಗೇ ಕಲ್ಪನೆಯ ರಿಂಗ್‌ಗೆ ಇಳಿಸಿ ನೋಡಬಹುದು.

1942ರಲ್ಲಿ ಚಾಕಿ ರೈಟ್‌ನನ್ನು ಸೋಲಿಸಿ ಫೆದರ್‌ವೇಟ್ (57 ಕಿಲೋ ಮಿತಿಯ) ಪ್ರಶಸ್ತಿ ಗೆದ್ದ ಪೆಪ್‌ನ ರಕ್ಷಣೆ ಇದ್ದದ್ದು ಪಾದಗಳಲ್ಲಿ. ಎಡಗೈಯ ನೇರ ಜಾಬ್ ಹಾಕಿದ ಮರುಕ್ಷಣವೇ ಆತ ಪಕ್ಕಕ್ಕೆ ಸರಿದಿರುತ್ತಿದ್ದ. ಹತ್ತಿರ ಬಂದ ಎದುರಾಳಿಯ ಮೊಣಕೈಯನ್ನು ತಡೆದು ಅವನನ್ನೇ ಅರ್ಧ ಸುತ್ತು ತಿರುಗಿಸಿ, ಅವನು ಕಾಲೂರಿ ಗುದ್ದು ತೂಗುವಷ್ಟರಲ್ಲಿ ಕೋನ ಬದಲಿಸಿಬಿಡುತ್ತಿದ್ದ. 1946ರಲ್ಲಿ ಒಂದೂ ಪಂಚ್ ಹಾಕದೆ ಒಂದು ಸುತ್ತನ್ನು ಗೆದ್ದನೆಂಬ ಕಥೆಯನ್ನು ಸಾಕ್ಷ್ಯವೆಂದು ಒಪ್ಪುವುದು ಕಷ್ಟ, ಅದರ ಅಗತ್ಯವೂ ಇಲ್ಲ. 1947ರ ವಿಮಾನ ಅಪಘಾತದಲ್ಲಿ ಬೆನ್ನಿಗೆ ಪೆಟ್ಟು ತಿಂದು, 1948ರಲ್ಲಿ ಸ್ಯಾಂಡಿ ಸ್ಯಾಡ್ಲರ್‌ಗೆ ನಾಕೌಟ್ ಆದವನು, 1949ರ ಫೆಬ್ರವರಿಯಲ್ಲಿ ಅದೇ ಸ್ಯಾಡ್ಲರ್‌ನನ್ನು 15 ಸುತ್ತುಗಳಲ್ಲಿ ಮಣಿಸಿದ್ದೇ ಸಾಕಷ್ಟು ದೊಡ್ಡ ಪುರಾವೆ.

ವಿಟೇಕರ್‌ನ ವಿದ್ಯೆ ಬೇರೆ. 1984ರ ಒಲಿಂಪಿಕ್ಸ್ ಚಿನ್ನ ಗೆದ್ದು, 1990ರ ಹೊತ್ತಿಗೆ ಲೈಟ್‌ವೇಟ್‌ನ (61 ಕಿಲೋ ಮಿತಿಯ) ಅವಿವಾದಿತ ಚಾಂಪಿಯನ್ ಆದ ಈತ ಸೌತ್‌ಪಾ, ಅಂದರೆ ಬಲಗೈ ಬಲಗಾಲುಗಳನ್ನು ಮುಂದಿಟ್ಟು ಎಡಗೈಯನ್ನು ಹಿಂದೆ ಕಾದಿರಿಸುವ ಬಾಕ್ಸರ್. ಪೆಪ್ ಜಾಗ ಬಿಟ್ಟು ತಪ್ಪಿಸಿಕೊಂಡರೆ, ವಿಟೇಕರ್ ಜಾಗದಲ್ಲೇ ನಿಂತು ಮೊಣಕಾಲು ಬಾಗಿಸಿ, ನಡು ತಿರುಗಿಸಿ, ಗುದ್ದನ್ನು ತಲೆಯ ಮೇಲಿಂದ ಹಾಯಿಸುತ್ತಿದ್ದ. 1993ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಅಲ್ಲಿಯವರೆಗೆ ಸೋಲರಿಯದ ಹೂಲಿಯೊ ಸೀಸರ್ ಚಾವೆಸ್‌ನೊಂದಿಗೆ ಸೆಣಸಿದಾಗ, ಓಡುವ ಬದಲು ಅವನ ಮೈಗೇ ಅಂಟಿ ಹೊಟ್ಟೆಗೆ ಹೊಡೆದು ಕಟ್ಟಿಹಾಕಿದ. ಇಬ್ಬರು ತೀರ್ಪುಗಾರರು ಸಮವೆಂದದ್ದು ಬಾಕ್ಸಿಂಗ್ ಚರಿತ್ರೆಯ ದೊಡ್ಡ ಅನ್ಯಾಯಗಳಲ್ಲಿ ಒಂದು.

ಇಬ್ಬರೂ ಮುನ್ನುಗ್ಗಿ ಬರುವವನ ತಪ್ಪಿನಿಂದ ಬದುಕುವವರಾದ್ದರಿಂದ, ಎದುರುಬದುರಾದಾಗ ಮೊದಲು ನುಗ್ಗುವವರು ಯಾರೆಂಬುದೇ ಪಂದ್ಯದ ತಿರುಳು. ಸೌತ್‌ಪಾ ಎದುರು ಮುಂಗಾಲುಗಳು ಒಂದಕ್ಕೊಂದು ಅಡ್ಡಬರುವುದರಿಂದ, ವಿಟೇಕರ್‌ನ ಎಡಗೈಯಿಂದ ದೂರವಿರಲು ಪೆಪ್ ಅವನ ಬಲಗಾಲಿನ ಹೊರಬದಿಗೆ, ಅಂದರೆ ತನ್ನ ಎಡಕ್ಕೆ ಸರಿಯುತ್ತಿರಬೇಕು. ಎರಡೂ ದಿಕ್ಕಿಗೆ ಸಲೀಸಾಗಿ ಚಲಿಸುತ್ತಿದ್ದ ಪೆಪ್‌ಗೆ ಅದು ಅಸಾಧ್ಯವಲ್ಲವಾದರೂ, ಅರ್ಧ ಸ್ವಾತಂತ್ರ್ಯ ಹೋದಂತೆಯೇ. ಆ ಹಾದಿಯನ್ನು ವಿಟೇಕರ್ ಬಲಗೈ ಜಾಬ್‌ನಿಂದ ಮುಚ್ಚಬಲ್ಲ. ನಾಲ್ಕು ಕಿಲೋ ಹೆಚ್ಚಿನ ಮೈಕಟ್ಟು, ಹತ್ತಿರದ ಸೆಣಸಾಟದಲ್ಲಿ ಹೆದರದ ಸ್ವಭಾವ ಎರಡೂ ಅವನ ಪಾಲಿಗಿರುವುದರಿಂದ, 12 ಸುತ್ತುಗಳ ಲೈಟ್‌ವೇಟ್ ಪಂದ್ಯದಲ್ಲಿ ಸಣ್ಣ ಅಂತರದ ಗೆಲುವು ಅವನದೇ ಎನ್ನಬೇಕಾಗುತ್ತದೆ. ಆದರೆ ಪೆಪ್ 200ಕ್ಕೂ ಹೆಚ್ಚು ಪಂದ್ಯಗಳಲ್ಲಿ ಪಳಗಿದವನು. ಅವನ ಕಾಲದ 15 ಸುತ್ತುಗಳ ನಿಯಮವಿದ್ದು, ವಿಟೇಕರ್ ವೃತ್ತಿಬದುಕಿನಲ್ಲಿ ಎಂದೂ ಕಾಣದ ಕೊನೆಯ ಮೂರು ಸುತ್ತುಗಳು ಉಳಿದಿದ್ದರೆ, ಆ ಅಂತರ ಹಾಗೇ ನಿಲ್ಲುತ್ತಿತ್ತೆಂದು ಹೇಳಲಾಗದು.