ಸಾಹೇಬರ ಪಕ್ಕದಲ್ಲಿ ಧರ್ಮಯ್ಯ

ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯವರಿಗೆ ಎಣ್ಣೆಯ ಗುಣ ಹೇಳಿಕೊಡಬೇಕಿಲ್ಲ. ಕಡಲೆಕಾಯಿ ಎಣ್ಣೆಯನ್ನು ಎಷ್ಟು ದಿನ ಗಾಳಿಗೆ ಬಿಟ್ಟರೂ ಜಿಡ್ಡು ಜಿಡ್ಡಾಗಿಯೇ ಇರುತ್ತದೆ. ಅಗಸೆ ಎಣ್ಣೆ ಹಾಗಲ್ಲ; ತೆಳುವಾಗಿ ಸವರಿದರೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪೊರೆಯಾಗುತ್ತದೆ. ಯುರೋಪಿನ ತೈಲಚಿತ್ರ ನಿಂತಿರುವುದೇ ಈ ಗುಣದ ಮೇಲೆ. ಅದು ನಿಧಾನವಾಗಿ ಒಣಗುವುದರಿಂದಲೇ ಚಿತ್ರಕಾರನಿಗೆ ಕೆನ್ನೆಯ ಬೆಳಕನ್ನು ನೆರಳಿನೊಳಗೆ ಬೆರೆಸುವ ಬಿಡುವು ಸಿಗುತ್ತದೆ.

ಆ ಬಿಡುವನ್ನು ನಮ್ಮ ನಾಡಿನ ಮುಖಗಳಿಗೆ ಬಳಸಿದವನು ಥಾಮಸ್ ಹಿಕ್ಕಿ. 1741ರಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ಹುಟ್ಟಿದವನು, 1824ರಲ್ಲಿ ಮದರಾಸಿನಲ್ಲಿ ತೀರಿಕೊಂಡ. ಕುಂಚದಷ್ಟೇ ಲೇಖನಿಯ ನಂಟೂ ಇತ್ತು: 1788ರಲ್ಲಿ ಕಲ್ಕತ್ತೆಯಲ್ಲಿ ಚಿತ್ರ, ಶಿಲ್ಪಗಳ ಚರಿತ್ರೆಯೊಂದನ್ನು ಅಚ್ಚು ಹಾಕಿಸಿದ. ಟಿಪ್ಪು ಮಡಿದ ಮೇಲೆ ಮೈಸೂರಿನ ಅನೇಕರನ್ನು ಚಿತ್ರಿಸಿದ. ದಿವಾನ್ ಪೂರ್ಣಯ್ಯನವರೂ ಅವರಲ್ಲಿ ಒಬ್ಬರು. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಮಾತ್ರ 1816ರಲ್ಲಿ ಅವನು ಬರೆದ ಕರ್ನಲ್ ಕಾಲಿನ್ ಮೆಕೆಂಜಿಯ ಚಿತ್ರ. ಈಗ ಅದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಮೊದಲು ಕಣ್ಣಿಗೆ ಬೀಳುವುದು ಸಾಹೇಬರ ಕೆಂಪು ಕೋಟು. ಸ್ವಲ್ಪ ಹೊತ್ತು ತಡೆದು ಕೋಟನ್ನು ಬಿಟ್ಟು ಕೈಗಳನ್ನು ನೋಡಿ. ದುರ್ಬೀನು ಹಿಡಿದವನು ಜವಾನ ಕಿಷ್ಣಾಜಿ. ತಾಳೆಗರಿ ಹಿಡಿದವರು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಇನ್ನೊಬ್ಬರು ತೆಲುಗು ಪಂಡಿತ ಕಾವಲಿ ವೆಂಕಟ ಲಕ್ಷ್ಮಯ್ಯ. ಹಿಂದೆ ಬೆಟ್ಟದ ಮೇಲೆ ಗೊಮ್ಮಟ. ಮೈಸೂರು ಸೀಮೆಯನ್ನು ಅಳೆದು ಕೈಫಿಯತ್ತು ಎಂಬ ಊರಿನ ವೃತ್ತಾಂತಗಳನ್ನೂ ಶಾಸನಗಳನ್ನೂ ರಾಶಿ ಹಾಕಿದ ಕೀರ್ತಿ ಮೆಕೆಂಜಿಯದು. ಹಳಗನ್ನಡದ ಕಲ್ಬರಹವನ್ನು ಓದಿ ಅರ್ಥ ಹೇಳಿದವರು ಧರ್ಮಯ್ಯನಂಥವರು. ಸಾಹೇಬರ ಚಿತ್ರಗಳಲ್ಲಿ ನಮ್ಮವರು ಸಾಮಾನ್ಯವಾಗಿ ಹುಕ್ಕಾ ಹಿಡಿದೋ ಕುದುರೆ ಹಿಡಿದೋ ಹೆಸರಿಲ್ಲದೆ ನಿಂತಿರುತ್ತಾರೆ. ಇಲ್ಲಿ ಧರ್ಮಯ್ಯ ತಮ್ಮ ವಿದ್ಯೆಯನ್ನೇ ಹಿಡಿದು ನಿಂತಿದ್ದಾರೆ. ಹಿಕ್ಕಿಯ ದೊಡ್ಡತನ ನನಗೆ ಕಾಣುವುದು ಇಲ್ಲಿ.

ಆಳುವವನ ಪಕ್ಕದಲ್ಲಿ ಅಕ್ಷರ ಬಲ್ಲವನ ಗುರುತು ಉಳಿಯುವುದು ಮೊಳಕಾಲ್ಮೂರಿನವರಿಗೆ ಹೊಸದೆನಿಸಬಾರದು. ಅಲ್ಲಿಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕ ಶಾಸನಗಳನ್ನು 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದರು. ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಉಳಿದೆಲ್ಲ ಬ್ರಾಹ್ಮಿಯಲ್ಲಿದ್ದರೆ, ತಾನು ಲಿಪಿಕಾರ ಎಂಬುದನ್ನು ಮಾತ್ರ ದೂರದ ವಾಯವ್ಯದ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಚಕ್ರವರ್ತಿಯ ಆಜ್ಞೆಯಲ್ಲಿ ಲಿಪಿಕಾರನ ಗುರುತು, ಕರ್ನಲ್‌ನ ಚಿತ್ರದಲ್ಲಿ ಪಂಡಿತನ ಮುಖ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ ಮೇಲೆ ನನಗೆ ಆ ಚಿತ್ರ ಮೆಕೆಂಜಿಯದಷ್ಟೇ ಎನ್ನಲು ಮನಸ್ಸು ಬರುವುದಿಲ್ಲ.

ಅದರದೊಂದು ಒಳ್ಳೆಯ ಪ್ರತಿಯನ್ನು ಮಾಡಿಸಿ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಜನ ನೋಡುವ ಕಡೆ ತೂಗುಹಾಕಬೇಕು. ಕೆಳಗೆ ನಾಲ್ವರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ, ಕನ್ನಡದಲ್ಲಿ ಇರಲಿ.