ಅದಿರಿನ ಲೆಕ್ಕವೂ ಆಳಿನ ಲೆಕ್ಕವೂ



ವಿಮರ್ಶೆಯೆಂದೊಡನೆ ಕಾವ್ಯವೋ ಕಾದಂಬರಿಯೋ ನೆನಪಾಗುವುದು ಸಹಜ. ಈ ಸಲ ತಮ್ಮ ಮುಂದಿಡುತ್ತಿರುವುದು ಒಂದು ಶಾಸನದ ಪಾಠವನ್ನು. 2023ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ನಲವತ್ತನಾಲ್ಕೇ ಕಲಮುಗಳ ಪುಟ್ಟ ಗ್ರಂಥ. ನಮ್ಮ ಹೆಸರು, ಬೆರಳಚ್ಚು, ಮುಖಚಿತ್ರ, ಫೋನಿನ ಸಂಖ್ಯೆ, ಕೊಟ್ಟು ಕೊಂಡ ಹಣದ ವಿವರ, ಇವೆಲ್ಲ ಗಣಕಯಂತ್ರದೊಳಗೆ ಸೇರಿ ದತ್ತಾಂಶವೆನಿಸಿಕೊಂಡಾಗ ಅದರ ಮೇಲೆ ಯಾರಿಗೆ ಎಷ್ಟು ಅಧಿಕಾರವೆಂಬುದು ಇದರ ವಸ್ತು. ದೆಹಲಿಯಲ್ಲಿ ಬರೆದ ಈ ಗ್ರಂಥವನ್ನು ನಮ್ಮ ತೋರಣಗಲ್ಲಿನಲ್ಲಿ ಕುಳಿತು ಓದಿದರೆ ಏನು ಕಾಣುತ್ತದೆಂಬುದೇ ಈ ಬರಹದ ಉದ್ದೇಶ.

ತೋರಣಗಲ್ಲನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಲೆಕ್ಕವೆಂಬುದರ ಮಹಿಮೆಯನ್ನೂ ಲೆಕ್ಕ ತಪ್ಪಿಸಿದರೆ ಆಗುವ ಅನರ್ಥವನ್ನೂ ಕಣ್ಣಾರೆ ಕಂಡ ಸೀಮೆಯಿದು. 2006ರಿಂದ 2010ರವರೆಗಿನ ದಿನಗಳನ್ನು ತಾವು ಮರೆತಿರಲಾರಿರಿ. ಸಂಡೂರಿನ ಬೆಟ್ಟಗಳಿಂದ ಅದಿರು ಹೊತ್ತ ಲಾರಿಗಳು ಹಗಲಿರುಳೆನ್ನದೆ ಸಾಗುತ್ತಿದ್ದವು. ದಾರಿಬದಿಯ ಜೋಳದ ಹೊಲ, ಮನೆಯ ಮಾಡು, ಕುಡಿಯುವ ನೀರು ಎಲ್ಲವೂ ಕೆಂಧೂಳಿಯಲ್ಲಿ ಮುಳುಗಿದ್ದವು. ಪರವಾನಗಿಯಲ್ಲಿ ಬರೆದ ತೂಕವೊಂದು, ಲಾರಿಯೊಳಗಿದ್ದ ತೂಕ ಇನ್ನೊಂದು. ಪರವಾನಗಿಯೇ ಇಲ್ಲದೆ ಹೋದದ್ದು ಮತ್ತೊಂದು. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2008ರ ಡಿಸೆಂಬರಿನಲ್ಲಿಯೂ 2011ರ ಜುಲೈಯಲ್ಲಿಯೂ ಸಲ್ಲಿಸಿದ ವರದಿಗಳ ಬಲವೆಲ್ಲ ಈ ಅಂಕಿಗಳ ತಾಳೆಯಲ್ಲಿಯೇ ಇದ್ದಿತು. ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡವು ಪರವಾನಗಿಯ ಲೆಕ್ಕವನ್ನು ಸಾಗಣೆಯ ಲೆಕ್ಕಕ್ಕೂ ಬಂದರಿನ ಲೆಕ್ಕಕ್ಕೂ ಒಡ್ಡಿ ನೋಡಿತು. ನಾಡಿಗಾದ ನಷ್ಟ 16,085 ಕೋಟಿ ರೂಪಾಯಿಗಳೆಂದು ವರದಿ ಅಂದಾಜಿಸಿತು. ಧಾರವಾಡದ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯವು ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರ ಜುಲೈ 29ರಂದು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಮುಂದೆ ಅದಿರಿನ ಮಾರಾಟ ಗಣಕಯಂತ್ರದ ಮೂಲಕ ನಡೆಯುವ ಇ-ಹರಾಜಿಗೆ ಒಳಪಟ್ಟಿತು. 2022ರ ಮೇ ತಿಂಗಳಲ್ಲಿ ಆ ಕಟ್ಟಳೆಯನ್ನು ಅದೇ ನ್ಯಾಯಾಲಯ ಸಡಿಲಿಸಿತು.

ದತ್ತಾಂಶದ ಕಣ್ಣು ಸಂಪತ್ತಿನ ಮೇಲೆ ತೆರೆದುದಕ್ಕೆ ಇದೊಂದು ನಿದರ್ಶನ. ಅದೇ ಕಣ್ಣು ಬಡ ಮನುಷ್ಯನ ಮೇಲೆ ತೆರೆದಾಗ ಆಗುವುದು ಬೇರೆ. ಇದನ್ನು ಪ್ರಶ್ನಿಸಿದವರಲ್ಲಿ ಮೊದಲಿಗರು ಕನ್ನಡ ನಾಡಿನವರೇ ಎಂಬುದು ನಮಗೆ ಅಭಿಮಾನದ ಸಂಗತಿ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯ ವಿರುದ್ಧ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2024ರಲ್ಲಿ ನಿಧನರಾದ ಆ ಹಿರಿಯರ ಹೆಸರಿನಿಂದಲೇ ಆ ತೀರ್ಪು ಇಂದಿಗೂ ಪ್ರಸಿದ್ಧ. ನಾವೀಗ ಕೈಗೆತ್ತಿಕೊಂಡಿರುವ ಕಾಯಿದೆ ಆ ತೀರ್ಪಿನ ಬೆನ್ನಲ್ಲಿ ಹುಟ್ಟಿದ ಕೂಸು.

ಕೂಸಿನ ಲಕ್ಷಣಗಳಲ್ಲಿ ಮೆಚ್ಚತಕ್ಕವೂ ಇವೆ. ವ್ಯಕ್ತಿಯನ್ನು ಕುರಿತು ಹೇಳುವಾಗ ಈ ಕಾಯಿದೆಯ ಇಂಗ್ಲಿಷ್ ಪಾಠವು ಉದ್ದಕ್ಕೂ ‘ಅವಳು’ ಎಂದೇ ಬರೆಯುತ್ತದೆ. ನಮ್ಮ ಶಾಸನಭಾಷೆಗೆ ಇದು ಹೊಸ ಸೌಜನ್ಯ. ಸಮ್ಮತಿ ಕೇಳುವ ತಿಳಿವಳಿಕೆ ಪತ್ರವನ್ನು ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಅವಕಾಶವಿರಬೇಕೆನ್ನುತ್ತದೆ. ದತ್ತಾಂಶ ಸೋರಿಹೋದರೆ 250 ಕೋಟಿ ರೂಪಾಯಿಗಳವರೆಗೆ ದಂಡವುಂಟು. (ಆ ದಂಡ ಸರ್ಕಾರದ ಬೊಕ್ಕಸಕ್ಕೆ, ನೊಂದವಳಿಗೆ ಪರಿಹಾರವೆಂಬ ಮಾತು ಇಲ್ಲಿಲ್ಲ.)

ಆದರೆ ಆ ‘ಅವಳು’ ತೋರಣಗಲ್ಲಿನವಳಾದರೆ? ಉಕ್ಕಿನ ಕಾರ್ಖಾನೆಯ ಆಶ್ರಯದಲ್ಲಿ ಬೆಳೆದ ಊರಿದು. ಗುತ್ತಿಗೆಯ ಕೆಲಸವೇ ಇಲ್ಲಿ ಸಾವಿರಾರು ಮನೆಗಳ ಅನ್ನ. ಏಳನೆಯ ಕಲಮು ಓದಿರಿ. ಉದ್ಯೋಗದ ಉದ್ದೇಶಕ್ಕಾಗಿ, ಮಾಲೀಕನಿಗೆ ನಷ್ಟವಾಗದಂತೆ ನೋಡಿಕೊಳ್ಳುವುದಕ್ಕಾಗಿ, ದತ್ತಾಂಶವನ್ನು ಬಳಸಲು ಆಳಿನ ಸಮ್ಮತಿ ಬೇಕಿಲ್ಲ. ಸರ್ಕಾರವು ಸಹಾಯಧನವನ್ನೋ ಸವಲತ್ತನ್ನೋ ಕೊಡುವಾಗ, ಹಿಂದೆಯೇ ದಾಖಲೆಯಲ್ಲಿರುವುದನ್ನು ಬಳಸಲು ಹೊಸ ಸಮ್ಮತಿ ಬೇಕಿಲ್ಲ. ಹಾಗಾದರೆ ದುಡಿಯುವ ಬಾಗಿಲಲ್ಲಿಯೂ ಪಡಿತರದ ಬಾಗಿಲಲ್ಲಿಯೂ ಅವಳ ‘ಒಲ್ಲೆ’ಗೆ ಬೆಲೆಯಿಲ್ಲ. ಇಟ್ಟಿಗೆ, ಸಿಮೆಂಟು ಹಿಡಿದು ಸವೆದ ಹೆಬ್ಬೆರಳನ್ನು ಯಂತ್ರ ಗುರುತಿಸದೆ ನ್ಯಾಯಬೆಲೆ ಅಂಗಡಿಯಿಂದ ಹಿಂದಿರುಗಿದವರ ಪಾಡು ತಮಗೂ ತಿಳಿದದ್ದೇ. ಸಮ್ಮತಿಯೆಂಬ ಭವ್ಯ ಪದ ಅನ್ವಯಿಸುವುದು ಬಹುಮಟ್ಟಿಗೆ ಫೋನಿನಲ್ಲಿ ಸರಕು ಕೊಳ್ಳುವಾಗ; ಅಲ್ಲಿಯೂ ‘ಒಪ್ಪಿದೆ’ ಎಂಬ ಗುಂಡಿ ಒತ್ತದೆ ವ್ಯವಹಾರ ಮುಂದೆ ಸಾಗದು.

ಸಣ್ಣ ವ್ಯಾಪಾರಿಯ ಸ್ಥಿತಿಯೂ ನೋಡತಕ್ಕದ್ದು. ಚಹಾದಂಗಡಿಯಲ್ಲಿಯೂ ಸೊಪ್ಪಿನ ಗಾಡಿಯಲ್ಲಿಯೂ ಯುಪಿಐ ಚೀಟಿ ಅಂಟಿಸಿಕೊಂಡವರಿಗೆ 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯಿಂದ ಸಾವಿರಾರು ನೋಟೀಸುಗಳು ಹೋದವು. ನಾಲ್ಕು ವರ್ಷಗಳ ಯುಪಿಐ ಜಮೆಯನ್ನು ಕೂಡಿ ವಹಿವಾಟೆಂದು ಎಣಿಸಲಾಗಿತ್ತು. ಬೆಂಗಳೂರಿನ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಹಲಗೆಗಳು ಎದ್ದವು. ಬಳಿಕ ಮುಖ್ಯಮಂತ್ರಿಗಳೇ ವ್ಯಾಪಾರಿಗಳನ್ನು ಕರೆದು ಹಳೆಯ ಬಾಕಿಯ ವಿಷಯದಲ್ಲಿ ಸಮಾಧಾನ ಹೇಳಬೇಕಾಯಿತು. ತೆರಿಗೆ ಕೊಡುವುದು ಧರ್ಮವೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಮಗ ಕಳಿಸಿದ ಹಣವೂ ಕೈಸಾಲವೂ ಹಾಲಿನ ಮಾರಾಟವೂ ಒಂದೇ ಅಂಕಿಯೊಳಗೆ ಕರಗಿಹೋಗುವುದೆಂಬುದೇ ಅಲ್ಲಿ ಎದ್ದ ಆಕ್ಷೇಪ.

ಇಷ್ಟನ್ನೂ ಹೊಸ ಶಾಸನದ ಬಾಲಾರಿಷ್ಟವೆಂದು ಕ್ಷಮಿಸಬಹುದಾಗಿತ್ತು. ಕ್ಷಮಿಸಲಾಗದ್ದು ಕಡೆಯ ಪುಟದಲ್ಲಿದೆ. ನಲವತ್ತನಾಲ್ಕನೆಯ ಕಲಮಿನ ಮೂರನೆಯ ಉಪಕಲಮು 2005ರ ಮಾಹಿತಿ ಹಕ್ಕು ಕಾಯಿದೆಯನ್ನು ತಿದ್ದುತ್ತದೆ. ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಬೇಕಾದರೆ ಅದಕ್ಕೂ ಸಾರ್ವಜನಿಕ ಕಾರ್ಯಕ್ಕೂ ಸಂಬಂಧವಿರಬಾರದೆಂದು, ಲೋಕಹಿತ ದೊಡ್ಡದಾದರೆ ಕೊಡತಕ್ಕದ್ದೆಂದು, ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸಲಾಗದೆಂದು ಮೊದಲಿನ ಪಾಠದಲ್ಲಿದ್ದಿತು. ಇವೆಲ್ಲ ಅಳಿದು ‘ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದು’ ಎಂಬಷ್ಟೇ ಉಳಿದಿದೆ. ಪರವಾನಗಿಗೆ ಸಹಿ ಹಾಕಿದ ಅಧಿಕಾರಿಯ ಹೆಸರು ವೈಯಕ್ತಿಕವಲ್ಲವೇ? ಗುತ್ತಿಗೆ ಪಡೆದವನ ಹೆಸರು? ಪಡಿತರದ ಪಟ್ಟಿಯಿಂದ ಕಳಚಿಹೋದವರ ಹೆಸರು? ಸಂಡೂರಿನ ಲೂಟಿ ಬಯಲಾದದ್ದು ಟನ್ನುಗಳ ಲೆಕ್ಕದಿಂದ ಮಾತ್ರವಲ್ಲ, ಆ ಲೆಕ್ಕಕ್ಕೆ ಹೆಸರುಗಳು ಕೂಡಿಕೊಂಡದ್ದರಿಂದ.

ಅದೇ ಕಾಯಿದೆಯ ಎಂಟನೆಯ ಕಲಮಿನ ಎರಡನೆಯ ಉಪಕಲಮು ಹಾಗೆಯೇ ಇದೆಯಲ್ಲ, ಲೋಕಹಿತಕ್ಕಾಗಿ ಮಾಹಿತಿ ಕೊಡಬಹುದಲ್ಲ ಎಂಬುದು ಸರ್ಕಾರದ ಸಮಾಧಾನ. ನಿಜ, ಇದೆ. ಆದರೆ ಅದನ್ನು ತೂಗಿ ನೋಡುವವನು ಯಾರ ಬಗ್ಗೆ ಪ್ರಶ್ನೆ ಎದ್ದಿದೆಯೋ ಅದೇ ಕಚೇರಿಯವನು. ಕೇಳಿದ ಬಡಪಾಯಿ ಮೇಲ್ಮನವಿ ಹಿಡಿದು ಬೆಂಗಳೂರಿಗೋ ಕಲಬುರಗಿಗೋ ಅಲೆಯಬೇಕು. ಬೇರೆ ದಾರಿ ಇರಲಿಲ್ಲವೇ? ಇತ್ತು. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿಯು 2018ರಲ್ಲಿ ಸಿದ್ಧಪಡಿಸಿದ ಕರಡು, ವ್ಯಕ್ತಿಗಾಗುವ ಹಾನಿಯನ್ನೂ ಲೋಕಹಿತವನ್ನೂ ತಕ್ಕಡಿಯಲ್ಲಿಟ್ಟು, ಹಾನಿ ಹೆಚ್ಚಾದಲ್ಲಿ ಮಾತ್ರ ಮಾಹಿತಿ ನಿರಾಕರಿಸಬೇಕೆಂದಿತ್ತು. 2023ರ ಪಾಠದಲ್ಲಿ ಆ ತಕ್ಕಡಿ ಕಾಣದಾಗಿದೆ.

ಜಾರಿಗೆ ಬಂದ ಕ್ರಮವನ್ನೂ ಗಮನಿಸಿರಿ. 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾದಾಗ ಮಾಹಿತಿ ಹಕ್ಕಿನ ತಿದ್ದುಪಡಿ ಕೂಡಲೇ ಜಾರಿಯಾಯಿತು. ದತ್ತಾಂಶ ಸಂಗ್ರಹಿಸುವವರ ಹೊಣೆ, ಪ್ರಜೆಯ ಹಕ್ಕುಗಳು, ಇವಕ್ಕೆ ಹದಿನೆಂಟು ತಿಂಗಳ ಗಡುವು.